ಅಮ್ಮನ ಬೀರು ಖಾಲಿ ಮಾಡ್ತಿದ್ದೀನಿ, ಮೂರು ಮೂಟೆ ಬಟ್ಟೆ. ಏನ್ ಮಾಡ್ಲಿ?

ಬನಶಂಕರಿ_ಎರಡನೇ_ಹಂತ

ಎಲ್ಲರಿಗೂ ನಮಸ್ಕಾರ. ತುಮಕೂರಿನ ಮನೆ ಖಾಲಿ ಮಾಡಿ ಅಮ್ಮನ್ನ ಬೆಂಗಳೂರಿಗೆ ಕರ್ಕೊಂಡು ಬಂದ್ವಿ. ಎರಡು ಬೀರು, ಒಂದು ಕಬ್ಬಿಣದ ಟ್ರಂಕು. ತೆಗೆದು ಹಾಲ್‌ನಲ್ಲಿ ಸುರಿದ ಮೇಲೆ ನಡೆಯೋಕೆ ಜಾಗ ಇಲ್ಲ. ಎಣಿಸಿದೆ: ಸೀರೆ 43, ಅದರಲ್ಲಿ ಅಮ್ಮ ಉಡೋದು 10. ಅಪ್ಪನ ಟೆರಿಕಾಟ್ ಪ್ಯಾಂಟು 11, ಷರ್ಟು 14 (ಅಪ್ಪ ಹೋಗಿ ಎರಡು ವರ್ಷ ಆಯ್ತು), ಪಂಚೆ, ಟವೆಲ್ಲು, ನನ್ನ ಕಾಲೇಜು ಕಾಲದ ಜೀನ್ಸು. ಇನ್ನು ಬ್ಲೌಸ್ ಪೀಸು, ಅರಿಶಿನ ಕುಂಕುಮಕ್ಕೆ ಬಂದಿದ್ದು, ಒಂದೂ ಹೊಲಿಸದ್ದು, 54!

ಬೆಳಿಗ್ಗೆ ಕಸದ ಗಾಡಿಯವರು ಮೂಟೆ ಮುಟ್ಟಿ ನೋಡಿ "ಬಟ್ಟೆ ಬೇಡ ಮೇಡಂ" ಅಂದ್ರು. ಪಾತ್ರೆ ಮಾರೋ ಆಕೆ ಆರು ಸೀರೆಗೆ ಒಂದು ಸ್ಟೀಲ್ ಡಬ್ಬಿ ಅಂದಳು, ಅದೂ ಮುಚ್ಚಳ ಸರಿಯಾಗಿ ಕೂರದ್ದು. ಅಮ್ಮ ಅದಕ್ಕೂ ತಯಾರು. ನನಗೇ ಮನಸ್ಸು ಬರ್ತಿಲ್ಲ. ಯೂಟ್ಯೂಬ್ ನೋಡಿ ಏನಾದ್ರೂ ಹೊಲಿಯೋಣ ಅಂದ್ರೆ ಎಲ್ಲಿಂದ ಶುರು ಮಾಡೋದು ಗೊತ್ತಾಗ್ತಿಲ್ಲ. ಅನುಭವ ಇರೋರು ಹೇಳಿ.

ಧಾರವಾಡ_ಪೇಡೆ

ಅಕ್ಕಾರ, ಕಾಟನ್ ಸೀರಿ ಒಂದೂ ಯಾರಿಗೂ ಕೊಡಬ್ಯಾಡ್ರಿ. ಕೌದಿ (ಹಳೇ ಬಟ್ಟಿ ಪದರ ಕೂಡಿಸಿ ಹೊಲಿಯೋ ಹೊದಿಕಿ) ಹೊಲಿಸ್ರಿ. ನಾವು ಸಣ್ಣವರಿದ್ದಾಗ ಬ್ಯಾಸಗಿ ಬಂತಂದ್ರ ಕೌದಿ ಹೊಲಿಯೋ ಗೊಂದಳ್ಯಾರ ಹೆಣ್ಮಕ್ಕಳು ಓಣಿಗೆ ಬರ್ತಿದ್ರು. ಕಟ್ಟಿ ಮ್ಯಾಲೆ ಹಾಸಿಕೊಂಡು ಕೂತ್ರ ಚಾ ಕೊಟ್ಟಾಗಷ್ಟ ತಲಿ ಎತ್ತೋರು. ಕೆಳಗ ಒಂದು ಗಟ್ಟಿ ಸೀರಿ, ನಡುವ ಹರಕ ಧೋತರ, ಬನಿಯನ್, ಏನಿದ್ದರ ಅದು, ಮ್ಯಾಲೆ ಬಣ್ಣದ ತುಂಡು ಜೋಡಿಸಿ ಉದ್ದಕ ಓಟದ ಹೊಲಿಗಿ. ಮುಗಿಸೋ ಮುಂದ ನಮ್ಮ ಅಜ್ಜಿ ಒಂದು ಚೂರು ರೊಟ್ಟಿ ಒಳಗ ಇಡಸ್ತಿದ್ದಳು, ಕೌದಿ ಹೊಟ್ಟಿ ಹಸಿದಿರಬಾರದಂತ. ನಾನು ಹುಟ್ಟಿದಾಗ ಹೊಲಿಸಿದ ಕೌದಿ ನನ್ನ ಮಗಳು ಹೊತ್ಕೋತಾಳ ಈಗ. ಎರಡು ಸಲ ಮ್ಯಾಲಿನ ಪದರ ಬದಲಿ ಮಾಡೇವಿ, ಒಳಗಿಂದು ಹಂಗ ಐತಿ.

ಪಾತ್ರಿಯಾಕಿಗೆ ಬೈಬ್ಯಾಡ್ರಿ ಮತ್ತ. ಆಕಿ ಮುಂದ ಅದನ್ನ ಒಗದು, ಗುಂಡಿ ಹಚ್ಚಿ, ಸಂತ್ಯಾಗ ಮಾರಬೇಕು. ಆಕಿ ಇಲ್ಲಂದ್ರ ನಮ್ಮ ಕಸ ಇನ್ನೂ ಹೆಚ್ಚಾಗ್ತಿತ್ತು.

ಗಾಂಧಿಬಜಾರ್_ರಾಯರು

ಕಸದ ಗಾಡಿಯವರದೂ ತಪ್ಪಲ್ಲ. ಹಸಿ, ಒಣ, ನೈರ್ಮಲ್ಯ ಕಸ ಅಂತ ನಾವು ಬೇರೆ ಬೇರೆ ಮಾಡಿ ಕೊಡುವಾಗ ಬಟ್ಟೆ ಒಣಕಸದ ಲೆಕ್ಕಕ್ಕೇ ಬರಬೇಕು. ಆದರೆ ಒಣಕಸ ಬೇರ್ಪಡಿಸುವವರಿಗೆ ದುಡ್ಡು ಹುಟ್ಟುವುದು ರಟ್ಟು, ಬಾಟಲಿ, ತಗಡಿನಿಂದ. ಹರಿದ ನೈಟಿಯನ್ನು ಯಾರು ಕೊಳ್ಳುತ್ತಾರೆ? ಕೊನೆಗೆ ಯಾವುದೋ ಊರಿನ ಗುಂಡಿಗೆ ಹೋಗುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಮಂಡೂರಿನ ಜನ ಬೀದಿಗಿಳಿದು ಹೋರಾಡಿ 2014ರ ಡಿಸೆಂಬರ್‌ಗೆ ನಮ್ಮ ಕಸ ನಿಲ್ಲಿಸಿದರಲ್ಲ, ಆ ಬೆಟ್ಟದಲ್ಲಿ ನಮ್ಮ ನಿಮ್ಮ ಬಟ್ಟೆಯೂ ಇದೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ತೀರಿಕೊಂಡವರ ಬಟ್ಟೆಯನ್ನು ಹೊಳೆಗೆ ಬಿಡಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ನಂಜನಗೂಡಿನ ಕಪಿಲೆಯಲ್ಲಿ ಮೆಟ್ಟಿಲಿಂದ ಕಾಲಿಟ್ಟರೆ ಪಾದಕ್ಕೆ ಸಿಕ್ಕುವುದು ಸೀರೆ, ಪಂಚೆ. 2025ರ ಮಾರ್ಚ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿ ದಡದಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದೆಂದು ಸೂಚನೆ ಕೊಟ್ಟಾಗ, ಭಕ್ತರು ಬಟ್ಟೆಯನ್ನು ನೀರಿಗೆ ಬಿಡದಂತೆ ತಡೆಯಿರಿ ಎಂದೂ ಹೇಳಬೇಕಾಗಿ ಬಂತು.

ಬನಶಂಕರಿ_ಎರಡನೇ_ಹಂತ

ರಾಯರೇ, ಸೋದರತ್ತೆ ಅದನ್ನೇ ಹೇಳಿದ್ರು. ಶ್ರೀರಂಗಪಟ್ಟಣಕ್ಕೆ ಹೋಗೋಣ ಅಂತ. ಅಮ್ಮನಿಗೆ ಇಷ್ಟ ಇರಲಿಲ್ಲ, ಅದಕ್ಕೇ ಎರಡು ವರ್ಷದಿಂದ ಹಾಗೇ ಇದೆ.

ಧಾರವಾಡದ ಅಕ್ಕಾ, ಕಾಟನ್ ಯಾವುದು ಅಂತ ಗೊತ್ತಾಗೋದು ಹೇಗೆ? ಮುಟ್ಟಿದ್ರೆ ಕೆಲವು ಎರಡೂ ಥರ ಅನ್ನಿಸ್ತಿವೆ.

ದಾವಣಗೆರೆ_ಟೈಲರ್

31 ವರ್ಷದಿಂದ ಮಿಷನ್ ತುಳೀತಿದೀನಿ, ನಾನು ಹೇಳ್ತೀನಿ ಕೇಳಿ. ಸೀರೆ ಅಂಚಿನಿಂದ ಒಂದು ಎಳೆ ಕೀಳ್ರಿ. ಸಿಂಕ್ ಮೇಲೆ ಹಿಡಿದು ಬೆಂಕಿಪೊಟ್ಟಣ ಗೀರ್ರಿ. ಕಾಟನ್ ಆದ್ರೆ ಕಾಗದ ಉರಿದಂಗೆ ಉರಿದು, ಊದಿದ್ರೆ ಹಾರೋ ಬೂದಿ ಆಗುತ್ತೆ, ವಾಸನೆನೂ ಕಾಗದದ್ದೇ. ಪಾಲಿಯೆಸ್ಟರ್ ಆದ್ರೆ ಉರಿಯೋಕ್ ಮುಂಚೆ ಸುರುಟಿಕೊಂಡು ಕರಗುತ್ತೆ, ತುದೀಲಿ ಗಟ್ಟಿ ಗುಂಡು ನಿಲ್ಲುತ್ತೆ. ಉಗುರಲ್ಲಿ ಒತ್ತಿದ್ರೂ ಪುಡಿ ಆಗಲ್ಲ. (ಆರಿದ ಮೇಲೆ ಒತ್ತಿ. ನಮ್ಮ ಹುಡುಗ ಒಬ್ಬ ಬೆರಳು ಸುಟ್ಕೊಂಡ.) ರೇಷ್ಮೆ ಆದ್ರೆ ಕೂದಲು ಸುಟ್ಟ ವಾಸನೆ. ಎರಡೂ ಕಲಸಿದ್ದಾದ್ರೆ ಸ್ವಲ್ಪ ಬೂದಿ, ಸ್ವಲ್ಪ ಗುಂಡು. ನಿಮ್ಮ ತಂದೆಯವರ ಟೆರಿಕಾಟ್ ಅದೇ.

ಈ ಪರೀಕ್ಷೆ ಮಾಡದೆ ಕತ್ತರಿ ಹಾಕಬೇಡಿ. ಪಾಲಿಯೆಸ್ಟರ್ ನೀರು ಹೀರಲ್ಲ. ಅದರಿಂದ ಒರೆಸೋ ಬಟ್ಟೆ ಮಾಡಿದ್ರೆ ನೀರನ್ನ ಅಡುಗೆಮನೆ ತುಂಬ ಓಡಾಡಿಸುತ್ತೆ ಅಷ್ಟೇ. ಕೌದಿ ಒಳಗೆ ಹಾಕಿದ್ರೆ ಜಾರಿ ಒಂದು ಮೂಲೇಲಿ ಗಂಟು ಕಟ್ಟುತ್ತೆ, ಬೇಸಿಗೇಲಿ ಹೊದ್ದವರು ಬೆವರಿ ಎದ್ದು ಕೂರ್ತಾರೆ.

ನಾವು ಕೆಲಸ ಕಲಿಯೋವಾಗ ಕಾಲರ್ ತಿರುಗಿಸೋದು ಅಂತ ಒಂದು ಕೆಲಸ ಇತ್ತು. ಕುತ್ತಿಗೆ ಹತ್ರ ಕಾಲರ್ ಸವೆದ್ರೆ ಬಿಚ್ಚಿ, ಒಳಮೈ ಹೊರಗೆ ಮಾಡಿ ಮತ್ತೆ ಹಾಕೋದು. ಷರ್ಟಿಗೆ ಇನ್ನೆರಡು ವರ್ಷ ಆಯಸ್ಸು. ಮಕ್ಕಳ ಬಟ್ಟೆಗೆ ಒಳಗೆ ಎರಡು ಇಂಚು ಬಿಟ್ಟು ಹೊಲೀತಿದ್ವಿ, ಮಗು ಬೆಳೆದಂಗೆ ಬಿಚ್ಚೋದು. ಈಗ ರೆಡಿಮೇಡ್ ಒಳಗೆ ತಿರುಗಿಸಿ ನೋಡ್ರಿ, ಬಿಚ್ಚೋಕೆ ಒಂದು ಬೆರಳಗಲನೂ ಇರಲ್ಲ. ಆಲ್ಟರೇಷನ್‌ಗೆ ತಂದ್ರೆ ನಾನಾದ್ರೂ ಏನ್ ಮಾಡ್ಲಿ?

ಸುಮ್ನೆ_ಒಂದ್_ಮಾತು

ಎಲ್ಲಾ ಸರಿ, ಆದ್ರೆ ನನಗೆ ಈ 'ಹಳೇ ಬಟ್ಟೆಯಿಂದ ಹೊಸ ವಸ್ತು' ಅನ್ನೋದು ಹವ್ಯಾಸದ ಥರ ಕಾಣುತ್ತೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಒಬ್ರು ಜೀನ್ಸ್ ಬ್ಯಾಗ್ ಮಾಡೋಕೆ ಹೊಸ ಲೈನಿಂಗ್ ಬಟ್ಟೆ, ಲೇಸು, ಗ್ಲೂ ಗನ್ ತರಿಸಿದ್ರು. ಪಾರ್ಸೆಲ್ಲು ನಾಲ್ಕು ಪ್ಲಾಸ್ಟಿಕ್ ಕವರಲ್ಲಿ ಬಂತು. ಬಟ್ಟೆ ಚೀಲ ಅಂತೂ ಪ್ರತಿ ಮನೇಲಿ ಇಪ್ಪತ್ತು. ಎಲ್ಲಾ ಸಮ್ಮೇಳನದಲ್ಲೂ ಒಂದು ಹೊಸ ಹತ್ತಿ ಚೀಲ, ಮೇಲೆ 'ಭೂಮಿ ಉಳಿಸಿ'.

ಡೆನ್ಮಾರ್ಕ್ ಸರ್ಕಾರದ ಪರಿಸರ ಸಂಸ್ಥೆ 2018ರಲ್ಲಿ ಲೆಕ್ಕ ಹಾಕಿತ್ತು. ತೆಳು ಪ್ಲಾಸ್ಟಿಕ್ ಚೀಲಕ್ಕೆ ಹೋಲಿಸಿದ್ರೆ, ಹೊಸ ಹತ್ತಿ ಚೀಲ ಬರೀ ಹವಾಮಾನದ ಲೆಕ್ಕದಲ್ಲಿ ಗಿಟ್ಟಬೇಕಾದ್ರೆ 52 ಸಲ ಬಳಸಬೇಕು. ನೀರು, ಗೊಬ್ಬರ ಎಲ್ಲಾ ಪರಿಣಾಮ ಸೇರಿಸಿದ್ರೆ 7,100 ಸಲ. ಸಾವಯವ ಹತ್ತಿ ಆದ್ರೆ 20,000. ದಿನಾ ಸಂತೆಗೆ ಹೋದ್ರೂ 54 ವರ್ಷ!

ಕುಡ್ಲದವಳು

ಮಾರಾಯ್ರೇ, ಆ ಲೆಕ್ಕ ನಾನೂ ಓದಿದ್ದೇನೆ. ಅದರಲ್ಲಿ ಚರಂಡಿಗೆ, ಸಮುದ್ರಕ್ಕೆ ಹೋಗಿ ಬೀಳುವ ಪ್ಲಾಸ್ಟಿಕ್ಕಿನ ಹಾನಿ ಸೇರಿಸಿಲ್ಲ. ಪಣಂಬೂರಿನ ಕಡಲ ದಡಕ್ಕೆ ಬಂದು ನೋಡಿ ಮತ್ತೆ ಮಾತಾಡುವ. ಮತ್ತೆ, ಅದು ಹೊಸ ಹತ್ತಿಯ ಲೆಕ್ಕ ಅಲ್ವಾ? ಅಮ್ಮನ ಹಳೇ ಸೀರೆಯಿಂದ ಚೀಲ ಹೊಲಿದರೆ ಹತ್ತಿ ಬೆಳೆದ ನೀರು ಸೀರೆಯ ಲೆಕ್ಕಕ್ಕೇ ಹೋಗಿ ಆಯ್ತು.

ನಮ್ಮಲ್ಲಿ ಹಳೇ ಬೈರಾಸು (ಟವೆಲ್ಲು) ಮೊದಲು ತಲೆ ಒರೆಸಲಿಕ್ಕೆ, ಮತ್ತೆ ಕೈ ಒರೆಸಲಿಕ್ಕೆ, ಆಮೇಲೆ ಒಲೆಯಿಂದ ಪಾತ್ರೆ ಇಳಿಸಲಿಕ್ಕೆ, ಕೊನೆಗೆ ನೆಲಕ್ಕೆ. ಬಟ್ಟೆಗೂ ಒಂದು ನಿವೃತ್ತಿಯ ಕ್ರಮ ಉಂಟು. ಅಡಿಗೆಮನೆಯ ಟಿಶ್ಯೂ ರೋಲ್ ನಾನು ತರದೆ ನಾಲ್ಕು ವರ್ಷ ಆಯ್ತು. ಮೀನಿನ ಮಾರ್ಕೆಟಿಗೆ ಸ್ಟೀಲಿನ ಡಬ್ಬಿ ಹಿಡ್ಕೊಂಡು ಹೋಗ್ತೇನೆ, ಮೊದಮೊದಲು ಮೀನಿನ ಬಾಯಮ್ಮ ನಗಾಡ್ತಿದ್ರು, ಈಗ ನಾನು ಡಬ್ಬಿ ಮರೆತರೆ ಬೈತಾರೆ.

ಹೆಂಗಸರಿಗೆ ಮಾತ್ರ ಒಂದು ಮಾತು: ಮೆತ್ತನೆ ಕಾಟನ್ ಸೀರೆಯಿಂದ ಮುಟ್ಟಿನ ಪ್ಯಾಡ್ ಹೊಲಿಯಬಹುದು. ಆದರೆ ಬಿಸಿಲಿಲ್ಲದ ಊರಲ್ಲಿ ಬೇಡ. ಜುಲೈಯಲ್ಲಿ ನಮ್ಮಲ್ಲಿ ಒಣಗುವುದೇ ಇಲ್ಲ, ಅರೆಬರೆ ಒಣಗಿದ್ದು ಬಳಸಿ ನಾನು ತುರಿಕೆ ತಂದುಕೊಂಡೆ. ಮಳೆಗಾಲಕ್ಕೆ ಮುಟ್ಟಿನ ಕಪ್‌ಗೆ ಬದಲಾದೆ.

ಮಡಿಕೇರಿ_ಮಳೆ

ದಾನ ಕೊಡೋರಿಗೆ ಒಂದು ವಿನಂತಿ. 2018ರ ಆಗಸ್ಟಲ್ಲಿ ಇಲ್ಲಿ ಗುಡ್ಡ ಕುಸಿದಾಗ ಪರಿಹಾರ ಕೇಂದ್ರವೊಂದರಲ್ಲಿ ನಾನು ಬಟ್ಟೆ ವಿಂಗಡಿಸೋಕೆ ಕೂತಿದ್ದೆ. ಲಾರಿಗಟ್ಟಲೆ ಬಂತು. ಜನರ ಪ್ರೀತಿಗೆ ಕೈಮುಗೀಬೇಕು, ನಿಜ. ಆದ್ರೆ ಬಿಚ್ಚಿದ್ರೆ ಬೆವರು ವಾಸನೆಯ ನೈಟಿ, ಜಿಪ್ ಹೋದ ಪ್ಯಾಂಟು, ಮದುವೆ ಕೋಟು, ಒಂಟಿ ಸಾಕ್ಸು. ಚಳಿಯಲ್ಲಿ ನಡುಗ್ತಿದ್ದವರಿಗೆ ಬೇಕಿದ್ದದ್ದು ಹೊಸ ಒಳಉಡುಪು, ಕಂಬಳಿ. ಆ ರಾಶಿ ಕೋಣೆಯ ಅರ್ಧ ತುಂಬಿತ್ತು, ಮಳೆನೀರು ಬಿದ್ದು ಬೂಷ್ಟು ಹಿಡಿದು ಕೊನೆಗೆ ಅದನ್ನೂ ನಾವೇ ಸಾಗಿಸಬೇಕಾಯ್ತು.

ಒಗೆದು, ಇಸ್ತ್ರಿ ಮಾಡಿ, ಗುಂಡಿ ಹಾಕಿ, ನೀವೇ ಹಾಕ್ಕೊಳ್ಳುವಷ್ಟು ಚೆನ್ನಾಗಿದ್ರೆ ಮಾತ್ರ ಕೊಡಿ. ಗೂಂಜ್ ಸಂಸ್ಥೆಯವರು (ಅಂಶು ಗುಪ್ತಾ 1999ರಲ್ಲಿ ಶುರು ಮಾಡಿದ್ದು) ಬೆಂಗಳೂರಲ್ಲೂ ತಗೋತಾರೆ. ಅವರ ಪದ್ಧತಿ ನನಗೆ ಹಿಡಿಸಿದ್ದು ಯಾಕಂದ್ರೆ ಹಳ್ಳಿಯವರು ಕೆರೆ ಹೂಳೆತ್ತೋದೋ ರಸ್ತೆ ಸರಿಮಾಡೋದೋ ಮಾಡ್ತಾರೆ, ಬಟ್ಟೆ ಅದಕ್ಕೆ ಗೌರವವಾಗಿ ಹೋಗುತ್ತೆ, ಭಿಕ್ಷೆಯಾಗಿ ಅಲ್ಲ. ಹೋಗೋ ಮುಂಚೆ ಏನು ತಗೋತಾರೆ ಅಂತ ಕೇಳ್ಕೊಂಡು ಹೋಗಿ.

ಮ್ಯೂನಿಕ್_ಕನ್ನಡಿಗ

ಇಲ್ಲಿಂದ ಒಂದು ಸೇರಿಸ್ತೀನಿ. ಯೂರೋಪ್ ಒಕ್ಕೂಟದಲ್ಲಿ 2025ರ ಜನವರಿ 1ರಿಂದ ಬಟ್ಟೆ ಕಸವನ್ನ ಬೇರೆಯಾಗಿ ಸಂಗ್ರಹಿಸೋ ವ್ಯವಸ್ಥೆ ಕಡ್ಡಾಯ. ಕೇಳೋಕೆ ಚೆನ್ನಾಗಿದೆ. ಬೀದಿ ಮೂಲೇಲಿ ಡಬ್ಬ ಇದೆ, ಹಾಕಿ ಕೈ ತೊಳ್ಕೋತೀವಿ. ಆಮೇಲೆ ಅದು ಹಡಗು ಹತ್ತುತ್ತೆ, ಆಫ್ರಿಕಾಕ್ಕೂ ಹೋಗುತ್ತೆ, ನಮ್ಮ ಹರಿಯಾಣದ ಪಾಣಿಪತ್‌ಗೂ ಬರುತ್ತೆ.

ಕೆಲಸದ ಮೇಲೆ ಒಮ್ಮೆ ಪಾಣಿಪತ್ ನೋಡಿದ್ದೆ. ಹೆಂಗಸರು ನೆಲದ ಮೇಲೆ ಈಳಿಗೆ ಥರದ್ದರ ಮುಂದೆ ಕೂತು ಸ್ವೆಟರಿನ ಗುಂಡಿ, ಜಿಪ್ಪು ಕತ್ತರಿಸಿ ಎಸೀತಾರೆ. ಬಣ್ಣದ ಪ್ರಕಾರ ರಾಶಿ: ಕೆಂಪು ಗುಡ್ಡ, ನೀಲಿ ಗುಡ್ಡ. ಬಣ್ಣವಾರು ಮಾಡೋದರಿಂದ ಮತ್ತೆ ಬಣ್ಣ ಹಾಕೋ ಅಗತ್ಯ ಕಮ್ಮಿ. ಅದನ್ನ ಹರಿದು ಎಳೆ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯ್ತಾರೆ. ಪರಿಹಾರ ಕೇಂದ್ರಗಳಲ್ಲಿ ಹಂಚೋ ಅಗ್ಗದ ಕಂಬಳಿ ಇದೆಯಲ್ಲ, ಅದರಲ್ಲಿ ಬಹಳಷ್ಟು ಅಲ್ಲಿನದೇ. ಒಳಗೆ ಹತ್ತು ನಿಮಿಷ ನಿಂತಿದ್ದಕ್ಕೆ ಮೂಗು ಒರೆಸಿದ್ರೆ ಕರ್ಚೀಫಲ್ಲಿ ನೀಲಿ ಬಂತು, ಅಲ್ಲೇ ದಿನವಿಡೀ ಕೆಲಸ ಮಾಡೋರ ಕತೆ ನೀವೇ ಯೋಚಿಸಿ.

ಯಲ್ಲಾಪುರ_ಘಟ್ಟ

ಕೌದಿ ಮಾತು ಬಂತಲ್ಲ, ನಮ್ಮ ಕಡೆ ಯಲ್ಲಾಪುರ, ಹಳಿಯಾಳದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವುದು ಬೇರೆ ರೀತಿ. ಅಂಚಿನಿಂದ ಶುರು ಮಾಡಿ ಸುತ್ತ ಸುತ್ತ ಒಳಗೆ ಬರ್ತಾರೆ, ನಡುವಲ್ಲಿ ಮುಗಿಸ್ತಾರೆ. ತುಂಡು ಮೊದಲೇ ಜೋಡಿಸಿಡುವುದಿಲ್ಲ, ಕೈಗೆ ಸಿಕ್ಕಿದ ಬಣ್ಣ ಸಿಕ್ಕಿದ ಕಡೆ. ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ತ್ರಿಕೋನದ ಹೂವು ಕೂರಿಸ್ತಾರೆ, ಅದಕ್ಕೆ ಫೂಲ ಅಂತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಲೆಕ್ಕ. ಈಗ ಇವು ವಿದೇಶದ ಪ್ರದರ್ಶನಗಳಿಗೂ ಹೋಗಿ ಬಂದಿವೆ. ನಿಮ್ಮ ಬಟ್ಟೆ ಕೊಟ್ಟು ಮಾಡಿಸ್ತೀರಾದರೆ ಕೂಲಿ ಚೌಕಾಸಿ ಮಾಡಬೇಡಿ. "ಹಳೇ ಬಟ್ಟೆ ತಾನೇ" ಅನ್ನುವವರು ಆ ಬೆರಳು ನೋಡಬೇಕು.

ದಾವಣಗೆರೆ_ಟೈಲರ್

ಚೀಲದ ಲೆಕ್ಕ ಕೇಳಿದ್ರೆ: ಸೀರೆ ಐದೂವರೆ ಮೀಟರ್, ಅಂದ್ರೆ 216 ಇಂಚು, ಪನ್ನ (ಅಗಲ) 45. ಒಂದು ಚೀಲಕ್ಕೆ 16 ಅಗಲ, 34 ಉದ್ದದ ತುಂಡು, ತಳ ಮಡಚಿ ಬಿಡ್ರಿ, ತಳಕ್ಕೆ ಹೊಲಿಗೆ ಬೇಡ. ಅಗಲಕ್ಕೆ ಎರಡು ಬಿದ್ದು 13 ಇಂಚು ಉಳಿಯುತ್ತೆ, ಅದು ಹಿಡಿಕೆಗೆ. 12 ಚೀಲ ಆಗುತ್ತೆ. ಆದ್ರೆ ಹಳೇ ಸೀರೆ ಒಂಟಿ ಪದರ ತಡೆಯಲ್ಲ, ಎರಡು ಪದರ ಹಾಕಿ 6 ಮಾಡ್ರಿ. ಹಿಡಿಕೆ ಸೇರೋ ಜಾಗದಲ್ಲಿ ಚೌಕ ಹೊಲಿದು ಒಳಗೆ ಗುಣಿಸು ಚಿಹ್ನೆ ಹಾಕ್ರಿ. ಜೀನ್ಸ್ ಹೊಲಿಯೋಕೆ 18ನೇ ನಂಬರ್ ಸೂಜಿ. ಮನೆ ಮಿಷನ್ನಿನ ಸೂಜಿಲೇ ನುಗ್ಗಿಸಿದ್ರೆ ಮುರಿದು ಕಣ್ಣಿಗೆ ಹಾರುತ್ತೆ.

ಸುಮ್ನೆ_ಒಂದ್_ಮಾತು

ಸರಿ, ಹಳೇದಕ್ಕೆ ಒಪ್ಪಿದೆ. ಬರೋದನ್ನ ನಿಲ್ಲಿಸೋದು ಹೇಗೆ? 54 ಬ್ಲೌಸ್ ಪೀಸು ಅಂದ್ರಲ್ಲ, ಅದು ನಮ್ಮನೇಲೂ ಇದೆ. ಕಳೆದ ವರಮಹಾಲಕ್ಷ್ಮಿಗೆ ನನ್ನ ಹೆಂಡತಿ ಕೊಟ್ಟ ಗಿಳಿಹಸಿರು ಪೀಸು ಗೌರಿ ಹಬ್ಬಕ್ಕೆ ಮೂರನೇ ಮನೆಯಿಂದ ಅವಳಿಗೇ ವಾಪಸ್ ಬಂತು. ಮೂಲೇಲಿ ಅವಳೇ ಹಾಕಿದ್ದ ಅರಿಶಿನದ ಕಲೆ ಇತ್ತು! 80 ಸೆಂಟಿಮೀಟರ್, ಯಾರ ಮೈಗೂ ಸಾಲಲ್ಲ, ಸೀರೆಗೂ ಹೊಂದಲ್ಲ. ಹೊಲಿಸೋಕೆ ಅಂತ ಯಾರೂ ಕೊಡಲ್ಲ, ಹೊಲಿಸೋಕೆ ಅಂತ ಯಾರೂ ತಗೊಳಲ್ಲ. ಮಗ್ಗದಿಂದ ಇಳಿದ ದಿನವೇ ಕಸ.

ಗಾಂಧಿಬಜಾರ್_ರಾಯರು

ನಕ್ಕು ಸಾಕಾಯಿತು. ನಮ್ಮ ಮನೆಯಾಕೆ ಈಗ ಪೀಸಿನ ಬದಲು ಕಾಲು ಕೆಜಿ ಹೆಸರುಬೇಳೆ, ಒಂದು ಅಚ್ಚು ಬೆಲ್ಲ ಕೊಡುತ್ತಾರೆ. ಬಾಗಿನದಲ್ಲಿ ಬೇಳೆ, ಬೆಲ್ಲ ಮೊದಲಿನಿಂದಲೂ ಇದ್ದದ್ದೇ, ಯಾರೂ ತಪ್ಪು ತಿಳಿಯಲಿಲ್ಲ. ಊಟಕ್ಕೆ ತಟ್ಟೆಯನ್ನು ಅದಮ್ಯ ಚೇತನ ಸಂಸ್ಥೆಯ ತಟ್ಟೆ ಬ್ಯಾಂಕಿನಿಂದ ತಂದು, ತೊಳೆದು ವಾಪಸ್ಸು ಕೊಟ್ಟೆವು.

ಕೊಳ್ಳುವಾಗ 'ಸೆಮಿ ಕಾಟನ್', 'ಆರ್ಟ್ ಸಿಲ್ಕ್', 'ಬಿದಿರಿನ ಬಟ್ಟೆ' ಎಂಬ ಮಾತುಗಳಿಗೆ ಮರುಳಾಗಬೇಡಿ. ಆರ್ಟ್ ಸಿಲ್ಕ್ ಎಂದರೆ ಕೃತಕ ರೇಷ್ಮೆ. ಬಿದಿರಿನ ಬಟ್ಟೆ ಎಂದು ಮಾರುವುದರಲ್ಲಿ ಹೆಚ್ಚಿನದು ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಎಳೆದ ವಿಸ್ಕೋಸ್. ರೇಷ್ಮೆಗೆ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ನೋಡಿ ತೆಗೆದುಕೊಳ್ಳಿ. ನಾನು ಅಂಗಿಗೆ ಹೆಗ್ಗೋಡಿನ ಬಳಿಯ ಭೀಮನಕೋಣೆಯ 'ಚರಕ' ಮಹಿಳಾ ಸಂಸ್ಥೆಯ ಕೈಮಗ್ಗದ ಬಟ್ಟೆ ತರುತ್ತೇನೆ, ಅಡಿಕೆ ಚೊಗರಿನ ಬಣ್ಣದ್ದು. ದುಬಾರಿಯೇ. ವರ್ಷಕ್ಕೆ ಆರು ಕೊಳ್ಳುತ್ತಿದ್ದವನು ಎರಡು ಕೊಳ್ಳುತ್ತೇನೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ.

ಧಾರವಾಡ_ಪೇಡೆ

ರಾಯರ, ಆರು ಅಂಗಿ ತಗೋಳಾವರಿಗೆ ಆ ಲೆಕ್ಕ ಸರಿ. ನಮ್ಮ ಮನಿ ಕೆಲಸದಾಕಿ ಇನ್ನೂರ ರೂಪಾಯಿ ಪಾಲಿಯೆಸ್ಟರ್ ಸೀರಿ ಉಡತಾಳ, ಯಾಕಂದ್ರ ಅದು ರಾತ್ರಿ ಒಗದ್ರ ಮುಂಜಾನಿ ಒಣಗಿರ್ತದ, ಇಸ್ತ್ರಿ ಬೇಕಿಲ್ಲ. ಆಕಿ ಮುಂದ ಕೈಮಗ್ಗದ ಮಾತು ಹೇಳಾಕ ನನಗಂತೂ ಬಾಯಿ ಬರಂಗಿಲ್ಲ.

ಗಾಂಧಿಬಜಾರ್_ರಾಯರು

ಒಪ್ಪಿದೆ ತಾಯಿ. ಆಕೆಯ ಒಂದು ಸೀರೆ ಐದು ವರ್ಷ ಬಾಳುತ್ತದೆ. ನಮ್ಮ ಬೀರುವಿನ 43ಕ್ಕಿಂತ ಅದೇ ಮೇಲು.

ನಿರ್ವಾಹಕರು

ಕೌದಿ ಹೊಲಿಯುವವರ ಫೋನ್ ನಂಬರನ್ನು ದಯವಿಟ್ಟು ಇಲ್ಲಿ ಬಹಿರಂಗವಾಗಿ ಹಾಕಬೇಡಿ. ಎರಡು ಪೋಸ್ಟ್ ತೆಗೆದಿದ್ದೇವೆ. ಖಾಸಗಿ ಸಂದೇಶದಲ್ಲಿ ಹಂಚಿಕೊಳ್ಳಿ.

ಬನಶಂಕರಿ_ಎರಡನೇ_ಹಂತ

(ಮೂರು ತಿಂಗಳ ನಂತರ ಬರೀತಿದ್ದೀನಿ, ಕ್ಷಮಿಸಿ.)

ಮೊದಲು ಬೆಂಕಿ ಪರೀಕ್ಷೆ. ಒಂದು ಭಾನುವಾರ ಪೂರ್ತಿ ಅಮ್ಮ, ನಾನು ಸಿಂಕ್ ಮುಂದೆ. ಉಡದ 33 ಸೀರೆಯಲ್ಲಿ ಕಾಟನ್ 11, ರೇಷ್ಮೆ 4, ಉಳಿದ 18 ಕರಗಿ ಗುಂಡಾದವು. ಅಮ್ಮ 'ಅಪ್ಪಟ ಕಾಟನ್' ಅಂತ ಇಪ್ಪತ್ತು ವರ್ಷ ಜೋಪಾನ ಮಾಡಿದ ನೀಲಿ ಸೀರೆಯೂ ಗುಂಡಾಯ್ತು, ಅಂಗಡಿಯವನಿಗೆ ಅವತ್ತೇ ಬೈದಿದ್ದು ಮುಗೀತು. ರೇಷ್ಮೆಯದು ಬೇರೆ ಸಂಕಟ: ಒಂದೇ ಮಡಿಕೆಯಲ್ಲಿ ಇಟ್ಟು ಇಟ್ಟು ಎರಡು ಸೀರೆ ಮಡಿಕೆ ಗುಂಟ ಕಾಗದದಂತೆ ಸೀಳಿದವು. ಬೀರುಲಿ ಇಡೋರು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ.

ಟೈಲರ್ ಅಣ್ಣ, ನಿಮ್ಮ ಮಾತು ಕೇಳದೆ ಮೊದಲ ಚೀಲ ಒಂಟಿ ಪದರದಲ್ಲೇ ಹೊಲಿದೆ. ಯಶವಂತಪುರದಲ್ಲಿ ಮೂರು ಕೆಜಿ ಈರುಳ್ಳಿ ಹಾಕಿಸ್ಕೊಂಡು ಬಸ್ ಹತ್ತೋವಾಗ ಹಿಡಿಕೆ ಕಿತ್ತು ಬಂತು. ಕಂಡಕ್ಟರ್ ಸೇರಿ ಎಲ್ಲರೂ ಈರುಳ್ಳಿ ಹೆಕ್ಕಿ ಕೊಟ್ರು. ಆಮೇಲಿನವು ಎರಡು ಪದರ, ಚೌಕ, ಗುಣಿಸು ಚಿಹ್ನೆ. ತಡೀತಿವೆ.

ಕಾಟನ್‌ನಲ್ಲಿ 7 ಸೀರೆ ಮತ್ತು ಪಂಚೆಗಳು ಧಾರವಾಡಕ್ಕೆ ಹೋಗಿ ಎರಡು ಕೌದಿ ಆಗಿ ಬಂದವು. ಉಳಿದದ್ದು ಚೀಲ, ಒರೆಸೋ ಬಟ್ಟೆ. ಬ್ಲೌಸ್ ಪೀಸು ನಮ್ಮ ಬೀದಿಯ ಟೈಲರಮ್ಮನಿಗೆ ಕೊಟ್ಟೆ, ಒಂದಕ್ಕೆ ಮೂರರಂತೆ 162 ಪುಟ್ಟ ಚೀಲ. ಅಣ್ಣನ ಮಗನ ಉಪನಯನದಲ್ಲಿ ತಾಂಬೂಲ ಅದರಲ್ಲೇ, ತೆಂಗಿನಕಾಯಿ ಸರಿಯಾಗಿ ಕೂತಿತು. ಹೊಲಿಗೆಗೆ ಕೊಟ್ಟ ದುಡ್ಡು ಪ್ಲಾಸ್ಟಿಕ್ ಕವರಿಗಿಂತ ಜಾಸ್ತಿನೇ ಆಯ್ತು, ಸುಳ್ಳು ಹೇಳಲ್ಲ.

ಒಳ್ಳೆ ಪ್ಯಾಂಟು, ನನ್ನ ಚೂಡಿದಾರು ಒಗೆದು ಇಸ್ತ್ರಿ ಮಾಡಿ ಕೊಟ್ಟೆ. ಆ 18 ಸೀರೆಯಲ್ಲಿ 16 ಇನ್ನೂ ಮಂಚದ ಕೆಳಗಿವೆ. ಎರಡನ್ನ ಬಾಲ್ಕನಿಗೆ ಬಿಸಿಲ ಪರದೆ ಮಾಡಿದೆ. ಬಾಕಿಯದಕ್ಕೆ ದಾರಿ ಸಿಕ್ಕಿಲ್ಲ.

ಅಪ್ಪನ ಷರ್ಟುಗಳಲ್ಲಿ ಚೌಕಳಿಯದ್ದು ಎರಡನ್ನ ದಿಂಬಿನ ಕವರ್ ಮಾಡಿದೆ. ತೋಳು, ಕಾಲರ್ ಕತ್ತರಿಸಿ ಮೂರು ಕಡೆ ಹೊಲಿದ್ರೆ ಆಯ್ತು, ಮುಂದಿನ ಗುಂಡಿಪಟ್ಟಿಯೇ ದಿಂಬು ತೂರಿಸೋ ಬಾಯಿ. ಜೇಬು ಹಾಗೇ ಬಿಟ್ಟೆ.

ಧಾರವಾಡ_ಪೇಡೆ

ಅಮ್ಮಾರು ಏನಂದ್ರು?

ಬನಶಂಕರಿ_ಎರಡನೇ_ಹಂತ

ಏನೂ ಅನ್ನಲಿಲ್ಲ. ಅಮೃತಾಂಜನದ ಡಬ್ಬಿ ಆ ಜೇಬಲ್ಲಿ ಇಟ್ಕೊಂಡಿದ್ದಾರೆ. ಮಗ್ಗುಲು ಬದಲಿಸಿದ್ರೆ ಒತ್ತುತ್ತೆ ಅಂದ್ರೂ ಕೇಳಲ್ಲ.